ಮುತ್ತಿನ ಫಾರ್ಮಿನಲ್ಲಿ ಇಂಟರ್ನ್‌ಶಿಪ್: ದುಡ್ಡು, ಸಹಿ, ಒಂದು ಪೊಟ್ಟಣ

ಮೊದಲ ಇಮೇಲ್ ಕಳಿಸಿದ ದಿನದಿಂದ ಅನುಭವ ಪತ್ರ ಕೈಗೆ ಬರುವವರೆಗೆ ಹಿಡಿದದ್ದು 14 ತಿಂಗಳು. ಅದರಲ್ಲಿ ಸಿಂಪಿ ಮುಟ್ಟಿ ಕೆಲಸ ಮಾಡಿದ್ದು 4 ತಿಂಗಳು. ಮಿಕ್ಕಿದ್ದೆಲ್ಲ ಉತ್ತರಕ್ಕೆ, ವೀಸಾಕ್ಕೆ, ದೋಣಿಗೆ, ಕೊನೆಗೆ ಒಂದು ಸಹಿಗೆ ಕಾದದ್ದು. ಮೀನುಗಾರಿಕೆಯನ್ನೋ ಸಾಗರ ಜೀವಶಾಸ್ತ್ರವನ್ನೋ ಓದುತ್ತಿರುವವರು ಇದೇ ದಾರಿ ಹಿಡಿಯುವುದಾದರೆ ಎಲ್ಲೆಲ್ಲಿ ಎಡವಬಹುದು ಅನ್ನುವುದನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ. ಫಾರ್ಮಿನ ಹೆಸರು ಹಾಕಿಲ್ಲ. ಕಪ್ಪು ತುಟಿಯ ಸಿಂಪಿ ಸಾಕುವ ಒಂದು ಹವಳ ದ್ವೀಪ ಅಂದುಕೊಳ್ಳಿ, ಸಾಕು.

ಅರ್ಜಿ ಬರೆಯುವ ಮೊದಲು ಯಾವ ಸಿಂಪಿ, ಯಾವ ಹಂತ ಅನ್ನುವುದನ್ನು ತೀರ್ಮಾನಿಸಿಕೊಳ್ಳಿ. ಜಪಾನಿನ ಅಕೋಯಾ ಸಣ್ಣ ಸಿಂಪಿ. ಅದರ ಮುತ್ತನ್ನು ಚಳಿಗಾಲದಲ್ಲಿ ತೆಗೆಯುತ್ತಾರೆ, ಯಾಕೆಂದರೆ ತಣ್ಣನೆಯ ನೀರಿನಲ್ಲಿ ಮುತ್ತಿನ ಪದರ ನಿಧಾನವಾಗಿ, ಬಿಗಿಯಾಗಿ ಕೂತು ಹೊಳಪು ಹೆಚ್ಚುತ್ತದೆ. ಆಸ್ಟ್ರೇಲಿಯಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಕಡೆ ದೊಡ್ಡ ಪಿಂಕ್ಟಾಡಾ ಮ್ಯಾಕ್ಸಿಮಾ, ಫ್ರೆಂಚ್ ಪಾಲಿನೇಷ್ಯಾ, ಫಿಜಿ, ಕುಕ್ ದ್ವೀಪಗಳ ಕಡೆ ಕಪ್ಪು ತುಟಿಯ ಮಾರ್ಗರಿಟಿಫೆರಾ. ಚೀನಾದ ಸಿಹಿನೀರಿನ ಕಪ್ಪೆಚಿಪ್ಪಿನ ಕೆಲಸ ಬೇರೆಯದೇ. ಅಲ್ಲಿ ಬಹುಪಾಲು ಬೀಜವೇ, ಅಂದರೆ ಮುತ್ತಿನ ನಡುವಿನ ಮಣಿಯೇ ಇಡುವುದಿಲ್ಲ. ಇನ್ನೊಂದು ಚಿಪ್ಪಿನ ಒಳಪೊರೆಯ ತುಂಡುಗಳನ್ನಷ್ಟೇ ಸೇರಿಸುತ್ತಾರೆ, ಒಂದೇ ಚಿಪ್ಪಿನಲ್ಲಿ ಹತ್ತಾರು ಮುತ್ತು ಬರುತ್ತವೆ. ಕಪ್ಪು ತುಟಿಯ ಸಿಂಪಿಯಲ್ಲಿ ಕಸಿ ಮಾಡಿದ ಮೇಲೆ, ಅಂದರೆ ಮಣಿಯನ್ನೂ ಪೊರೆಯ ತುಂಡನ್ನೂ ಒಳಗಿಟ್ಟ ಮೇಲೆ, ಮುತ್ತು ತೆಗೆಯಲು 18ರಿಂದ 24 ತಿಂಗಳು ಬೇಕು. ಹಾಗಾಗಿ ನಾಲ್ಕು ತಿಂಗಳಿಗೆ ಹೋದವರು ತಾವು ನೋಡಿದ ಕಸಿಯ ಫಲ ನೋಡುವುದಿಲ್ಲ. ಮರಿಕೇಂದ್ರ ಬೇಕೋ, ಹಗ್ಗದ ಮೇಲಿನ ಸಾಕಣೆ ಬೇಕೋ, ಕಸಿ ಕೋಣೆ ಬೇಕೋ, ಕೊಯ್ಲು ಬೇಕೋ ಅಂತ ಅರ್ಜಿಯಲ್ಲೇ ಹೇಳಿ. ‘ಎಲ್ಲ ಕಲಿಯಬೇಕು’ ಅಂತ ಬರೆದ ಪತ್ರಗಳಿಗೆ ನನಗೆ ಒಂದೂ ಉತ್ತರ ಬರಲಿಲ್ಲ.

ಒಳಗೆ ಹೋಗಲು ಸುಲಭದ ಬಾಗಿಲು ಮರಿಕೇಂದ್ರ. ಅಲ್ಲಿ ಕೈಗಳು ಸದಾ ಬೇಕು: ಪಾಚಿ ಬೆಳೆಸುವುದು, ಸೋಸಿದ ನೀರು ಬದಲಿಸುವುದು, ಸೂಕ್ಷ್ಮದರ್ಶಕದಡಿ ಲಾರ್ವಾ ಎಣಿಸುವುದು. ಮೊಟ್ಟೆ ಫಲಿತವಾಗಿ ಒಂದು ದಿನದಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಲಾರ್ವಾ ಆಗುತ್ತದೆ, ಸುಮಾರು ಮೂರು ವಾರ ತೇಲಾಡಿ ಆಮೇಲೆ ಅಂಟಿಕೊಳ್ಳುತ್ತದೆ. ಆ ಮೂರು ವಾರ ರಜೆಯಿಲ್ಲದ ಕೆಲಸ. ಐಸೋಕ್ರೈಸಿಸ್, ಕೀಟೋಸೆರಾಸ್ ಪಾಚಿಗಳನ್ನು ಬೆಳೆಸಿ ಅಭ್ಯಾಸವಿದೆ ಅಂತ ಎರಡನೇ ಸುತ್ತಿನ ಪತ್ರಗಳ ಮೊದಲ ಸಾಲಿನಲ್ಲೇ ಬರೆದೆ. ಉತ್ತರ ಬರತೊಡಗಿದ್ದು ಆಗ.

ಕಸಿ ಕೋಣೆಯ ಬಾಗಿಲು ಮಾತ್ರ ಗಟ್ಟಿ. ಇದಕ್ಕೆ ಇತಿಹಾಸವಿದೆ. ಮಿಕಿಮೊಟೊ ಕೊಕಿಚಿ 1893ರಲ್ಲಿ ಅರೆಗೋಳದ ಮುತ್ತು ತೆಗೆದ ಮೇಲೆ, ಮುಂದಿನ ಶತಮಾನದ ಆರಂಭದಲ್ಲಿ ದುಂಡು ಮುತ್ತಿನ ವಿಧಾನ ಜಪಾನಿನಲ್ಲಿ ರೂಪುಗೊಂಡಿತು. ಎರಡನೇ ಮಹಾಯುದ್ಧದ ನಂತರ ಜಪಾನ್ ಈ ವಿದ್ಯೆ ಹೊರಗಿನವರಿಗೆ ಹೋಗದಂತೆ ನೀತಿಯನ್ನೇ ಮಾಡಿಕೊಂಡಿತ್ತು. ಜಪಾನೀ ಕಸಿಗಾರರು ಬೇರೆ ದೇಶಗಳಿಗೆ ಹೋಗಿ ಕೆಲಸ ಮಾಡುತ್ತಿದ್ದರು, ಕೈಚಳಕ ಮಾತ್ರ ಅವರ ಬಳಿಯೇ ಉಳಿಯುತ್ತಿತ್ತು. ಈಗ ವಿಧಾನ ಪುಸ್ತಕಗಳಲ್ಲಿದೆ, ಭಾರತದಲ್ಲೇ ತೂತುಕುಡಿಯಲ್ಲಿ 1973ರಲ್ಲಿ ದುಂಡು ಮುತ್ತು ತೆಗೆದಿದ್ದಾರೆ. ಆದರೂ ಫೋಟೊ ಬೇಡ, ಹಿಂದೆ ನಿಲ್ಲಬೇಡ ಅನ್ನುವ ಅಭ್ಯಾಸ ಹೋಗಿಲ್ಲ. ಇದನ್ನು ಅವಮಾನ ಅಂದುಕೊಳ್ಳಬೇಡಿ. ಕಸಿಗಾರನಿಗೆ ಅದೇ ಬಂಡವಾಳ.

ಕಾಗದಪತ್ರದ ವಿಷಯ. ಪಾಸ್‌ಪೋರ್ಟ್, ಪೊಲೀಸ್ ಪ್ರಮಾಣಪತ್ರ, ಕಾಲೇಜಿನ ಪತ್ರ, ಡೈವಿಂಗ್ ಮಾಡಲು ಯೋಗ್ಯ ಅನ್ನುವ ವೈದ್ಯರ ಪತ್ರ, ಡೈವಿಂಗ್ ಸರ್ಟಿಫಿಕೇಟ್, ಧನುರ್ವಾಯು ಲಸಿಕೆಯ ದಾಖಲೆ, ಇನ್ಶೂರೆನ್ಸ್. ಇನ್ಶೂರೆನ್ಸ್‌ನಲ್ಲಿ ಮುಳುಗುವವರಿಗೆ ಬರುವ ಕಾಯಿಲೆಗೆ ಕೊಡುವ ಒತ್ತಡದ ಕೊಠಡಿಯ ಚಿಕಿತ್ಸೆ ಮತ್ತು ದ್ವೀಪದಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಎರಡೂ ಸೇರಿವೆಯೇ ಅಂತ ಸಣ್ಣಕ್ಷರದಲ್ಲಿ ಹುಡುಕಿ. ‘ಸಾಹಸ ಕ್ರೀಡೆ’ ಅಂತಷ್ಟೇ ಬರೆದಿದ್ದರೆ ಕೆಲಸಕ್ಕಾಗಿ ಮುಳುಗುವುದು ಅದರಲ್ಲಿ ಬರುವುದಿಲ್ಲ. ಪೊಲೀಸ್ ಪ್ರಮಾಣಪತ್ರವನ್ನು ಎಲ್ಲಕ್ಕಿಂತ ಕೊನೆಗೆ ಮಾಡಿಸಿ. ನಾನು ಮೊದಲೇ ಮಾಡಿಸಿಟ್ಟೆ. ವೀಸಾ ಕಡತ ಮೇಜಿಗೆ ಬರುವ ಹೊತ್ತಿಗೆ ಅದರ ಅವಧಿ ಮುಗಿದು ಮತ್ತೆ ಐದು ವಾರ ಹೋಯಿತು.

ಈ ಕಾಯುವಿಕೆಯ ನಡುವೆಯೇ ಏಜೆಂಟರು ಬರುತ್ತಾರೆ. ಉತ್ತರ ಬಾರದೆ ಬೇಸತ್ತವರ ಮೇಲೇ ಅವರ ಕಣ್ಣು. ನನಗೆ ಬಂದ ‘ಆಫರ್’ ಪತ್ರದಲ್ಲಿ ಮುತ್ತಿನ ಹಾರದ ಚಿತ್ರ ದೊಡ್ಡದಾಗಿತ್ತು, ಸಿಂಪಿಯ ಜಾತಿಯ ಹೆಸರು ಎಲ್ಲೂ ಇರಲಿಲ್ಲ. ನೋಂದಣಿ ಶುಲ್ಕ, ಮರಳಿ ಕೊಡುವ ಡೆಪಾಸಿಟ್, ತರಬೇತಿ ಕಿಟ್ ಅಂತ ಮೂರು ಬಾರಿ ದುಡ್ಡು ಕೇಳಿದರು. ಇದರಲ್ಲಿ ನಿಯಮ ಸ್ಪಷ್ಟ: ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ 7ನೇ ವಿಧಿಯ ಪ್ರಕಾರ ಖಾಸಗಿ ನೇಮಕಾತಿ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಕೆಲವು ವಿನಾಯಿತಿಗಳೂ ಇವೆ. ಆದರೂ ಆ ವಿಧಿಯನ್ನು ಉಲ್ಲೇಖಿಸಿ ಒಂದು ಸಾಲು ಬರೆದರೆ ಸಾಕು, ಎಷ್ಟೋ ಏಜೆಂಟರು ಮತ್ತೆ ಪತ್ರ ಬರೆಯುವುದಿಲ್ಲ. ನನ್ನವನೂ ಬರೆಯಲಿಲ್ಲ.

ಇದರ ಅಣ್ಣತಮ್ಮನಂಥ ಇನ್ನೊಂದು ಮೋಸವಿದೆ: ದುಡ್ಡು ಕಟ್ಟಿ ತರಬೇತಿ ತಗೊಳ್ಳಿ, ಚಿಪ್ಪು ನಮ್ಮಲ್ಲೇ ಕೊಳ್ಳಿ, ಬೆಳೆದ ಮುತ್ತನ್ನೆಲ್ಲ ನಾವೇ ವಾಪಸ್ ಕೊಳ್ಳುತ್ತೇವೆ ಅನ್ನುವುದು. ಒಪ್ಪಂದದಲ್ಲಿ ‘ಗುಣಮಟ್ಟದ ಮುತ್ತು’ ಅನ್ನುವ ಮಾತಿಗೆ ಅಳತೆ ಏನು, ತೀರ್ಮಾನ ಯಾರದು ಅಂತ ನೋಡಿ. ತೀರ್ಮಾನ ಅವರದೇ ಆಗಿದ್ದರೆ ನಿಮ್ಮ ಒಂದು ಮುತ್ತೂ ಆ ಗುಣಮಟ್ಟ ಮುಟ್ಟುವುದಿಲ್ಲ.

ಅಸಲಿ ಫಾರ್ಮನ್ನು ಗುರುತಿಸಲು ಐದು ಪ್ರಶ್ನೆ ಕಳಿಸಿ. ಸಾಕುವ ಜಾತಿ ಯಾವುದು? ಸಮುದ್ರದ ಗುತ್ತಿಗೆ ಯಾರ ಹೆಸರಿನಲ್ಲಿದೆ, ಅದರ ಸಂಖ್ಯೆ ಏನು? ನನ್ನ ಮೇಲ್ವಿಚಾರಕರು ಯಾರು, ಮರಿಕೇಂದ್ರದವರೋ ಫಾರ್ಮಿನವರೋ? ನೀರಿಗಿಳಿಯುವುದಿದ್ದರೆ ಎಷ್ಟು ಆಳ, ದಿನಕ್ಕೆ ಎಷ್ಟು ಸಲ? ನಾನು ಬರುವುದು ಯಾವ ವೀಸಾದಲ್ಲಿ? ಗುತ್ತಿಗೆ ಸರಿಯಾಗಿರುವವರು ಸಂಖ್ಯೆ ಕೊಡಲು ಹಿಂಜರಿಯುವುದಿಲ್ಲ. ಅದನ್ನು ಆ ದೇಶದ ಮೀನುಗಾರಿಕೆ ಇಲಾಖೆಗೆ ಒಂದು ಸಾಲಿನ ಇಮೇಲ್ ಮಾಡಿ ಕೇಳಬಹುದು. ಮೂರು ವಾರವಾದರೂ ಉತ್ತರ ಬರುತ್ತದೆ.

ಐದನೆಯದೇ ಎಲ್ಲಕ್ಕಿಂತ ಮುಖ್ಯ. ‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ಇಲ್ಲಿ ಸರಿಮಾಡೋಣ’ ಅನ್ನುವ ಮಾತು ಬಾಯಲ್ಲಿ ಬಹಳ ಸಲೀಸಾಗಿ ಬರುತ್ತದೆ. ಹಾಗೆ ಹೋದವರು ಮೊದಲ ದಿನದಿಂದಲೇ ಅಲ್ಲಿ ತಪ್ಪಿತಸ್ಥರು. ನಾಳೆ ಫಾರ್ಮಿನ ಎಣಿಕೆ ಪುಸ್ತಕದಲ್ಲಿ ಕಳ್ಳಲೆಕ್ಕ ಕಂಡರೆ ಯಾರ ಬಳಿ ಹೇಳುತ್ತೀರಿ? ದೂರು ಕೊಡಲು ಹೋದವರನ್ನೇ ವಿಮಾನ ಹತ್ತಿಸುತ್ತಾರೆ. ಇದು ಫಾರ್ಮಿನವರಿಗೆ ಗೊತ್ತು, ಅದಕ್ಕೇ ಹಾಗೆ ಕರೆಯುತ್ತಾರೆ. ಸರಿಯಾದ ವೀಸಾಕ್ಕೆ ಕಾದ 11 ವಾರ ಆಗ ಜೀವ ಹಿಂಡಿದವು. ಆಮೇಲೆ ಆ ಕಾಗದವೊಂದೇ ನನ್ನ ಬಾಯಿ ತೆರೆಯಲು ಧೈರ್ಯ ಕೊಟ್ಟದ್ದು.

ಬಂದರಿನಲ್ಲಿ ನನ್ನ ಬ್ಯಾಗಿನ ಚಿಮಟ, ಸ್ಕಾಲ್ಪೆಲ್ ನೋಡಿ ‘ಪರಿಶೀಲನಾ ಶುಲ್ಕ’ ಕೇಳಿದರು. ರಸೀದಿ ಕೊಡಿ, ಕಟ್ಟುತ್ತೇನೆ ಅಂದೆ. ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ ಬಿಟ್ಟರು. ದೋಣಿ ಹೊರಡುವ ಹೊತ್ತಿಗೆ ಸರಿಯಾಗಿ ಹೋದರೆ ಈ ಅರ್ಧ ಗಂಟೆ ನಿಮ್ಮ ಬಳಿ ಇರುವುದಿಲ್ಲ. ಒಂದು ದಿನ ಮುಂಚೆ ಹೋಗಿ.

ಮೊದಲ ಆರು ವಾರ ಬರೀ ತಿಕ್ಕುವ ಕೆಲಸ. ಹಗ್ಗಕ್ಕೆ ಕಟ್ಟಿದ ಸಿಂಪಿಗಳ ಮೇಲೆ ಬಾರ್ನಕಲ್ (ಚೂಪು ಕವಚದ, ಅಂಟಿ ಕೂರುವ ಸಣ್ಣ ಜೀವಿ), ಸ್ಪಂಜು, ಪಾಚಿ, ಹುಳು ಎಲ್ಲ ಕೂರುತ್ತವೆ. ನೀರಿನ ಜೆಟ್ಟಿನಲ್ಲಿ ಹೊಡೆದು, ಉಳಿದದ್ದನ್ನು ಕತ್ತಿಯಿಂದ ಕೆರೆಯಬೇಕು. ಬಾಯಿ ಮುಚ್ಚುವ ಅಂಚಿಗೆ ಕತ್ತಿ ತಾಗಿದರೆ ಒಳಗಿನ ಪೊರೆ ಹರಿಯುತ್ತದೆ. ಪದರ ಸುರಿಸುವುದೇ ಆ ಪೊರೆ. ಚಿಪ್ಪು ಕೊರೆಯುವ ಸ್ಪಂಜಿನ ಗುರುತು ಹಳದಿಯೋ ಕಿತ್ತಳೆಯೋ ಬಣ್ಣದ ಸಣ್ಣ ಸಣ್ಣ ತೂತು. ಅಂಥದ್ದನ್ನು ಬೇರೆ ಬುಟ್ಟಿಗೆ ಹಾಕಿ. ಕೈಗವಸು ನಿಮ್ಮದೇ ಒಯ್ಯಿರಿ, ನಾಲ್ಕು ಜೊತೆ. ಫಾರ್ಮಿನಲ್ಲಿ ಕೊಡುವುದು ಎರಡನೇ ದಿನಕ್ಕೇ ಹರಿಯುತ್ತದೆ, ಬಾರ್ನಕಲ್ ಕೊಯ್ದ ಗಾಯ ಉಪ್ಪುನೀರಿನಲ್ಲಿ ಮಾಯುವುದಿಲ್ಲ.

ನೀರಿಗಿಳಿಯುವವರಿಗೆ ಒಂದು ಮಾತು. ಬಹಳ ಕಡೆ ಬೆನ್ನಿಗೆ ಸಿಲಿಂಡರ್ ಇರುವುದಿಲ್ಲ, ದೋಣಿಯ ಕಂಪ್ರೆಸರಿನಿಂದ ಪೈಪಿನಲ್ಲಿ ಗಾಳಿ ಬರುತ್ತದೆ. ಗಾಳಿ ಎಳೆಯುವ ಬಾಯಿ ಇಂಜಿನ್ನಿನ ಹೊಗೆ ಕೊಳವೆಯ ಪಕ್ಕದಲ್ಲಿದ್ದರೆ, ಗಾಳಿ ತಿರುಗಿದ ಕ್ಷಣ ನಿಮ್ಮ ಎದೆಗೆ ಕಾರ್ಬನ್ ಮೊನಾಕ್ಸೈಡ್ ಹೋಗುತ್ತದೆ. ಇಳಿಯುವ ಮೊದಲು ಪೈಪನ್ನು ಕಣ್ಣಾರೆ ನೋಡಿ. ಆಳ ಕಡಿಮೆ ಅಂತ ದಿನಕ್ಕೆ ಇಪ್ಪತ್ತು ಸಲ ಏರಿಳಿಯುವುದೂ ಅಪಾಯವೇ. ಪಶ್ಚಿಮ ಆಸ್ಟ್ರೇಲಿಯಾದ ಬ್ರೂಮ್‌ನಲ್ಲಿ ಮುತ್ತುಚಿಪ್ಪಿನ ಕಾಲದ 900ಕ್ಕೂ ಹೆಚ್ಚು ಜಪಾನೀಯರ ಗೋರಿಸ್ಥಾನವಿದೆ. ಅವರಲ್ಲಿ ಎಷ್ಟೋ ಜನರನ್ನು ಕೊಂದದ್ದು ಬಿರುಗಾಳಿ ಮತ್ತು ಮುಳುಗುರೋಗ, ಅಂದರೆ ಆಳದಿಂದ ಬೇಗ ಮೇಲೆ ಬಂದಾಗ ರಕ್ತದಲ್ಲಿ ಗಾಳಿಗುಳ್ಳೆ ಏಳುವುದು.

ಏಳನೇ ವಾರ ಕಸಿ ಕೋಣೆಗೆ ಬಿಟ್ಟರು, ಸಿಂಪಿ ಜೋಡಿಸಿ ಕೊಡುವ ಕೆಲಸಕ್ಕೆ. ಅಲ್ಲಿಂದ ಕಂಡದ್ದಿಷ್ಟು. ಸಿಂಪಿ ತಾನಾಗಿ ಬಾಯಿ ಬಿಟ್ಟಾಗ ಮರದ ಬೆಣೆ ಸೇರಿಸುತ್ತಾರೆ, ಬೆರಳಗಲದ ಸಂದಿ ಸಾಕು. ಬಲವಂತವಾಗಿ ಹಿಗ್ಗಿಸಿದರೆ ಚಿಪ್ಪು ಮುಚ್ಚುವ ಸ್ನಾಯು ಹರಿದು ಒಂದು ವಾರದಲ್ಲಿ ಸಾಯುತ್ತದೆ. ಒಳ್ಳೆಯ ಬಣ್ಣದ ಇನ್ನೊಂದು ಸಿಂಪಿಯನ್ನು ಬಲಿಕೊಟ್ಟು ಅದರ ಪೊರೆಯ ಅಂಚಿನಿಂದ ಪಟ್ಟಿ ತೆಗೆದು, ಎರಡು ಮೂರು ಮಿಲಿಮೀಟರಿನ ಚೌಕಗಳಾಗಿ ಕತ್ತರಿಸುತ್ತಾರೆ. ಯಾವ ಮೈ ಹೊರಗಿನದು ಅಂತ ಗುರುತಿಗೆ ಕೆಂಪು ಬಣ್ಣ ಹಚ್ಚುತ್ತಾರೆ, ಒಣಗದಂತೆ ಸಮುದ್ರದ ನೀರಿನಲ್ಲಿ ತೊಯ್ಯಿಸಿಡುತ್ತಾರೆ. ಕಸಿಗಾರ ಜನನಾಂಗದಲ್ಲಿ ಸೀಳು ಮಾಡಿ ಮಣಿಯನ್ನೂ ತುಂಡನ್ನೂ ಇಡುತ್ತಾನೆ. ತುಂಡಿನ ಹೊರಮೈ ಮಣಿಗೆ ಒತ್ತಿರಬೇಕು. ನಡುವೆ ಕೂದಲೆಳೆಯಷ್ಟು ಜಾಗ ಉಳಿದರೂ ಮಣಿ ಬರಿಯ ಮಣಿಯಾಗಿಯೇ ಉಳಿಯುತ್ತದೆ. ಮಣಿಯ ಅಳತೆಯನ್ನು ಜಪಾನೀ ‘ಬು’ದಲ್ಲಿ ಹೇಳುತ್ತಾರೆ, 1 ಬು ಅಂದರೆ 3.03 ಮಿ.ಮೀ. ಮೊದಲ ಕಸಿಗೆ ಎರಡು ಬು ಆಸುಪಾಸು. ದುರಾಸೆಗೆ ದೊಡ್ಡದನ್ನು ತುರುಕಿದರೆ ಸಿಂಪಿ ಉಗುಳುತ್ತದೆ.

ಮಣಿ ಖರೀದಿಯಲ್ಲೇ ಮೊದಲ ಕಳ್ಳತನ. ಒಳ್ಳೆಯ ಮಣಿ ಅಮೆರಿಕದ ಮಿಸಿಸಿಪ್ಪಿ ನದಿ ಪ್ರದೇಶದ ದಪ್ಪ ಕಪ್ಪೆಚಿಪ್ಪಿನಿಂದ ಬರುತ್ತದೆ. ಬಿಲ್ಲಿನಲ್ಲಿ ಅದನ್ನು ಬರೆದು, ಡಬ್ಬಿಯಲ್ಲಿ ದೈತ್ಯ ಚಿಪ್ಪಿನ (ಜೈಂಟ್ ಕ್ಲಾಮ್) ಮಣಿ ಕೊಟ್ಟು, ನಡುವಿನ ವ್ಯತ್ಯಾಸವನ್ನು ಖರೀದಿಯವನೂ ವ್ಯಾಪಾರಿಯೂ ಹಂಚಿಕೊಳ್ಳುತ್ತಾರೆ. ದೈತ್ಯ ಚಿಪ್ಪು ಅಳಿವಿನ ಭಯವಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಪರವಾನಗಿಯಿಲ್ಲದೆ ಗಡಿ ದಾಟಿಸುವಂತಿಲ್ಲ. ತೂತು ಕೊರೆಯುವಾಗ ಅದು ಸೀಳುವುದೂ ಹೆಚ್ಚು. ಟಾರ್ಚಿನ ಮುಂದೆ ಹಿಡಿದರೆ ಕಪ್ಪೆಚಿಪ್ಪಿನ ಮಣಿಯಲ್ಲಿ ಸಮಾನಾಂತರ ಗೆರೆ ಕಾಣುತ್ತದೆ. ದೈತ್ಯ ಚಿಪ್ಪಿನ ಮಣಿಯ ಮೇಲೆ ಬೆಳಕು ಬಿದ್ದಾಗ ಬೆಂಕಿಯ ನಾಲಗೆಯಂಥ ಮಿಂಚು ಕಾಣಬಹುದು. ಗೊತ್ತಿರಲಿ ಅಂತ ಹೇಳಿದೆ. ಇಂಟರ್ನ್ ಮಾಡಬೇಕಾದ ತನಿಖೆಯಲ್ಲ.

ಇಂಟರ್ನ್ ಸಿಕ್ಕಿಹಾಕಿಕೊಳ್ಳುವುದು ಎಣಿಕೆ ಪುಸ್ತಕದಲ್ಲಿ. ಒಂದು ಉದಾಹರಣೆ ಲೆಕ್ಕ ಹಾಕೋಣ. ಸಾವಿರ ಸಿಂಪಿಗೆ ಕಸಿ ಮಾಡಿ ಬಲೆಚೀಲದಲ್ಲಿ ತೂಗುಹಾಕಿದಿರಿ. ನಲವತ್ತನೇ ದಿನ ನೋಡಿದಾಗ 50 ಸತ್ತಿವೆ, 200 ಮಣಿ ಉಗುಳಿವೆ. ಉಳಿದದ್ದು 750. ಮುಂದಿನ ಇಪ್ಪತ್ತು ತಿಂಗಳಲ್ಲಿ ಇನ್ನು 90 ಸತ್ತರೆ ಕೊಯ್ಲಿಗೆ 660. ಇದರಲ್ಲಿ ಕಳ್ಳನಿಗೆ ಎರಡು ಕಿಂಡಿಗಳಿವೆ.

ಒಂದು, ಸಾವು. ಚಿಪ್ಪಿಗೆ ತೂತುಮಾಡಿ ಹಗ್ಗಕ್ಕೆ ಕಟ್ಟಿದ ಸಿಂಪಿ ಸತ್ತರೆ ಬಾಯಿ ತೆರೆದುಕೊಂಡು ಮುತ್ತು ಸಮುದ್ರದ ತಳಕ್ಕೆ ಬೀಳುತ್ತದೆ. ಆ ನಷ್ಟ ನಿಜವಾದದ್ದು, ಯಾರೂ ಪ್ರಶ್ನಿಸುವುದಿಲ್ಲ. ಹಾಗಾಗಿ ಕದ್ದದ್ದನ್ನೂ ಅದೇ ಕಾಲಂನಲ್ಲಿ ಬರೆಯುತ್ತಾರೆ. ಆದರೆ ಬಲೆಬುಟ್ಟಿಯಲ್ಲಿ ಸತ್ತ ಸಿಂಪಿಯ ಮುತ್ತು ಬುಟ್ಟಿಯಲ್ಲೇ ಇರಬೇಕು, ಕಡೇಪಕ್ಷ ಖಾಲಿ ಚಿಪ್ಪಾದರೂ ಇರಬೇಕು. ಒಂದು ಬೆಳಿಗ್ಗೆ ನಾನು ಎಣಿಸಿದ ಖಾಲಿ ಚಿಪ್ಪು 41. ಮಧ್ಯಾಹ್ನ ಸಹಿಗೆ ಬಂದ ಪುಟದಲ್ಲಿ 67. ಪೆನ್ಸಿಲಿನಲ್ಲಿ ಬರೆದು ಅಳಿಸಿದ ಗುರುತು ಬೆಳಕಿಗೆ ಹಿಡಿದರೆ ಕಾಣುತ್ತಿತ್ತು, 7ರ ಕೆಳಗೆ ಒಂದು 1.

ಎರಡು, ಕೇಶಿ. ಮಣಿ ಉಗುಳಿದರೂ ಪೊರೆಯ ತುಂಡು ಒಳಗೇ ಉಳಿದರೆ ಅದರಿಂದ ಮಣಿಯಿಲ್ಲದ, ಅಂಕುಡೊಂಕಾದ, ಇಡೀ ಪದರದಿಂದಲೇ ಆದ ಸಣ್ಣ ಮುತ್ತು ಬೆಳೆಯುತ್ತದೆ. ಹೊಳಪು ಅದ್ಭುತ. ಪುಸ್ತಕದ ಲೆಕ್ಕ ಮಣಿಯದು, ಆದ್ದರಿಂದ ಕೇಶಿ ಎಷ್ಟು ಬರಬೇಕೆಂದು ಯಾರಿಗೂ ಗೊತ್ತಿಲ್ಲ. ಲೆಕ್ಕದಲ್ಲೇ ಇಲ್ಲದ್ದು ಕಳೆದುಹೋಗುವುದೂ ಇಲ್ಲ. ಕೊಯ್ಲಿನ ಮೇಜಿನಲ್ಲಿ ಕೇಶಿಗೆ ಬೇರೆ ಬಟ್ಟಲು, ದಿನದ ಕೊನೆಗೆ ಎಲ್ಲರ ಮುಂದೆ ತೂಕ ಇರುವ ಫಾರ್ಮು ನಿಯತ್ತಿನದು ಅಂತ ತಿಳಿಯಬಹುದು.

ಸಹಿಯ ವಿಷಯದಲ್ಲಿ ನಾನು ಪಾಲಿಸಿದ್ದು ಇಷ್ಟೇ: ನಾನು ಎಣಿಸಿದ್ದಕ್ಕೆ ಮಾತ್ರ ಸಹಿ, ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ನನ್ನ ಕೈಯಲ್ಲೇ ಬರೆದು, ಶಾಯಿ ಪೆನ್ನಿನಲ್ಲಿ, ದಿನಾಂಕ ಮತ್ತು ಹೊತ್ತಿನೊಂದಿಗೆ. 67ರ ಪುಟಕ್ಕೆ ‘ನಾನು ಎಣಿಸಿದ್ದು ನಲವತ್ತೊಂದು’ ಅಂತ ಪಕ್ಕದಲ್ಲಿ ಬರೆದು ಸಹಿ ಮಾಡಿದೆ. ಯಾರೂ ಜಗಳ ಮಾಡಲಿಲ್ಲ. ಮರುದಿನದಿಂದ ನನ್ನನ್ನು ಮತ್ತೆ ತಿಕ್ಕುವ ದೋಣಿಗೆ ಹಾಕಿದರು, ಅಷ್ಟೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ದ್ವೀಪದಲ್ಲಿ ದೋಣಿ ವಾರಕ್ಕೊಂದು, ಊಟ ಅವರದು, ಇಂಟರ್ನೆಟ್ ಅವರದು. ಹೆದರಿಕೆ ಸಹಜ. ದಿನಚರಿಯನ್ನು ಕಾಲೇಜಿನ ಸಂಯೋಜಕರಿಗೆ ಪ್ರತಿ ಶನಿವಾರ ಕಳಿಸುವ ಪದ್ಧತಿಯನ್ನು ಮೊದಲ ವಾರದಿಂದಲೇ ಇಟ್ಟುಕೊಂಡಿದ್ದರೆ, ಇಂಥ ದಿನ ಅದು ಹೊಸ ದೂರಿನಂತೆ ಕಾಣುವುದಿಲ್ಲ. ದೂರನ್ನು ದ್ವೀಪದಲ್ಲಿದ್ದಾಗ ಕೊಡಬೇಡಿ. ಹೊರಗೆ ಬಂದ ಮೇಲೆ, ಎಣಿಕೆಯ ಪ್ರತಿಯೊಂದಿಗೆ, ಫಾರ್ಮಿನ ಮಾಲೀಕರಿಗೆ ಮೊದಲು ಬರೆಯಿರಿ. ಬಹಳ ಸಲ ಕಳವಾಗುತ್ತಿರುವುದು ಅವರದೇ ಮುತ್ತು.

ವಿಂಗಡಣೆ ಮೇಜಿನಲ್ಲಿ ಕೂರಲು ಸಿಕ್ಕಿದ್ದು ಮೂರೇ ದಿನ. ಎ, ಎಎ, ಎಎಎ ಅನ್ನುವ ದರ್ಜೆಗಳಿಗೆ ಜಗತ್ತಿನಲ್ಲಿ ಒಂದೇ ಅಳತೆ ಇಲ್ಲ. ಒಬ್ಬರ ಎಎಎ ಇನ್ನೊಬ್ಬರ ಎ. ಅಮೆರಿಕದ ರತ್ನ ಪರೀಕ್ಷೆಯ ಸಂಸ್ಥೆ ಜಿಐಎ ಏಳು ಅಂಶಗಳನ್ನು ನೋಡುತ್ತದೆ: ಗಾತ್ರ, ಆಕಾರ, ಬಣ್ಣ, ಹೊಳಪು, ಮೇಲ್ಮೈ, ಪದರದ ಗುಣ, ಜೋಡಿಯ ಹೊಂದಿಕೆ. ನೀವೂ ಪುಸ್ತಕದಲ್ಲಿ ಅಕ್ಷರದ ಬದಲು ಈ ಏಳನ್ನೇ ಬರೆಯಿರಿ. ಪದರ ತೆಳುವಾದ ಮುತ್ತನ್ನು ಬೆಳಕಿನಡಿ ಮೆಲ್ಲಗೆ ಉರುಳಿಸಿದರೆ ಒಳಗಿನ ಮಣಿಯ ಗೆರೆ ಕಣ್ಣು ಮಿಟುಕಿಸಿದ ಹಾಗೆ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತದೆ. ಬೇಗ ದುಡ್ಡು ಮಾಡಲು ಅವಧಿಗೆ ಮೊದಲೇ ಕೊಯ್ದ ಮುತ್ತು ಅದು. ಬಣ್ಣ ಹಾಕಿದ್ದಾದರೆ ತೂತಿನ ಅಂಚಿನಲ್ಲೂ ಸಣ್ಣ ಗುಳಿಗಳಲ್ಲೂ ಬಣ್ಣ ಗಾಢವಾಗಿ ನಿಂತಿರುತ್ತದೆ. ತೂಕ ಜಪಾನೀ ಮೊಮ್ಮೆಯಲ್ಲಿ, 1 ಮೊಮ್ಮೆ 3.75 ಗ್ರಾಂ. ತಕ್ಕಡಿ ಗ್ರಾಂ ತೋರಿಸಿ ಪುಸ್ತಕ ಮೊಮ್ಮೆ ಕೇಳಿದರೆ ಭಾಗಾಕಾರವನ್ನು ನೀವೇ ಮಾಡಿ.

ಕೊನೆಯ ವಾರದಲ್ಲಿ ಆ ಪೊಟ್ಟಣ. ಅಂಗೈಯಷ್ಟು ಬಟ್ಟೆಚೀಲ, ಬಾಯಿ ಹೊಲಿದದ್ದು. ‘ಸ್ಯಾಂಪಲ್, ನಿಮ್ಮ ವಿಮಾನ ನಿಲ್ದಾಣದಲ್ಲಿ ಒಬ್ಬರು ಬಂದು ತಗೊಳ್ಳುತ್ತಾರೆ’ ಅಂದರು. ಇನ್‌ವಾಯ್ಸ್ ಕೊಡಿ, ರಫ್ತಿನ ಪತ್ರ ಕೊಡಿ ಅಂದಾಗ ಸ್ಯಾಂಪಲ್‌ಗೆ ಅದೆಲ್ಲ ಬೇಡ ಅನ್ನುವ ಉತ್ತರ. ಕಸ್ಟಮ್ಸ್‌ನಲ್ಲಿ ಬ್ಯಾಗ್ ಯಾರದೋ ಸರಕೂ ಅವರದೇ. ಒಲ್ಲೆ ಅಂದೆ. ಹೊರಡುವ ದಿನ ಬ್ಯಾಗನ್ನು ಪೂರ್ತಿ ಬರಿದು ಮಾಡಿ ನಾನೇ ತುಂಬಿದೆ, ಷೂ, ಟಾರ್ಚಿನ ಬ್ಯಾಟರಿ ಜಾಗ, ಸಾಬೂನಿನ ಡಬ್ಬಿ ಎಲ್ಲ ತೆರೆದು ನೋಡಿ. ಪ್ರೀತಿಯಿಂದ ಒಂದೆರಡು ಮುತ್ತು ಉಡುಗೊರೆ ಕೊಟ್ಟರೂ ಫಾರ್ಮಿನ ಬಿಲ್ ಕೇಳಿ ಪಡೆಯಿರಿ. ಒಣ ಚಿಪ್ಪು ತರುವ ಆಸೆಯಿದ್ದರೆ ನಿಮ್ಮ ದೇಶದ ಜೈವಿಕ ಸುರಕ್ಷತೆಯ ನಿಯಮ ಮೊದಲು ನೋಡಿ.

ಖರ್ಚಿನಲ್ಲಿ ವಿಮಾನದ ಟಿಕೆಟ್ ನಿರೀಕ್ಷಿತ. ಅಂದಾಜು ತಪ್ಪಿದ್ದು ದೋಣಿ ತಪ್ಪಿದಾಗಿನ ವಸತಿಯಲ್ಲಿ, ಎರಡನೇ ಬಾರಿ ಮಾಡಿಸಿದ ಪ್ರಮಾಣಪತ್ರಗಳಲ್ಲಿ, ಅನುವಾದ ಮತ್ತು ನೋಟರಿಯಲ್ಲಿ. ಲೆಕ್ಕ ಹಾಕಿದ್ದರ ಮೇಲೆ ಮೂರನೇ ಒಂದು ಭಾಗ ಹೆಚ್ಚು ಇಟ್ಟುಕೊಳ್ಳಿ.

ಅನುಭವ ಪತ್ರವನ್ನು ಕೊನೆಗೆ ಒಮ್ಮೆಲೇ ಕೇಳಬೇಡಿ, ಅದನ್ನು ಹಿಡಿದಿಟ್ಟುಕೊಂಡು ಆಟ ಆಡಿಸುತ್ತಾರೆ. ಪ್ರತಿ ತಿಂಗಳ ಕೊನೆಗೆ ಮಾಡಿದ ಕೆಲಸದ ಒಂದು ಪುಟ ಬರೆದು ಮೇಲ್ವಿಚಾರಕರ ಸಹಿ ಹಾಕಿಸಿಕೊಳ್ಳಿ. ನನ್ನ ಬಳಿ ಮೂರು ತಿಂಗಳ ಸಹಿಯಿತ್ತು, ನಾಲ್ಕನೆಯದಕ್ಕೆ ಮೇಲ್ವಿಚಾರಕ ಸಿಗಲೇ ಇಲ್ಲ. ಮೂರು ಪುಟಗಳ ಪ್ರತಿ ಕಳಿಸಿ ಆಫೀಸಿಗೆ ಪ್ರತಿ ಸೋಮವಾರ ಒಂದು ಇಮೇಲ್ ಹಾಕುತ್ತಾ ಬಂದೆ. ಏಳನೇ ಸೋಮವಾರಕ್ಕೆ ಪತ್ರ ಬಂತು, ನಾಲ್ಕು ತಿಂಗಳನ್ನೂ ಸೇರಿಸಿ. ನನ್ನ ಹೆಸರಿನ ಕಾಗುಣಿತ ಪಾಸ್‌ಪೋರ್ಟಿಗೆ ಹೊಂದುತ್ತಿರಲಿಲ್ಲ. ತಿದ್ದಿಸಲು ಮತ್ತೆ 9 ದಿನ.